ಪೂಲ್ ನಿಮ್ಮದೇ ಇರಬಹುದು, ವಸೂಲಾದ ಹಣ ಯಾರ ಖಾತೆಯಲ್ಲಿದೆ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಚಿಕ್ಕ ಹೂಡಿಕೆ ಕಂಪನಿ. ಒಂದೇ ಎನ್‌ಬಿಎಫ್‌ಸಿಯ (ಬ್ಯಾಂಕೇತರ ಹಣಕಾಸು ಕಂಪನಿ) ಎರಡು ಪೂಲ್‌ಗಳ, ಅಂದರೆ ಒಟ್ಟಾಗಿ ಕಟ್ಟಿ ಮಾರಿದ ಸಾಲಗಳ, ಪಿಟಿಸಿ (ಪಾಸ್ ಥ್ರೂ ಸರ್ಟಿಫಿಕೇಟ್, ಆ ಸಾಲಗಳ ಕಂತಿನಿಂದ ಹಣ ಪಡೆಯುವ ಹಕ್ಕಿನ ಪತ್ರ) ಕೊಂಡಿದ್ದೇವೆ. ಒಂದು ಸಣ್ಣ ಸರಕು ವಾಹನ ಸಾಲಗಳದ್ದು, ಇನ್ನೊಂದು ಮೈಕ್ರೋಫೈನಾನ್ಸ್ ಸಾಲಗಳದ್ದು. ಎರಡು ತಿಂಗಳಿಂದ ಪಾವತಿ ತಡವಾಗುತ್ತಿದೆ. ಎರಡನೆಯ ಸಲ ಕ್ಯಾಶ್ ಕೊಲ್ಯಾಟರಲ್ (ಕೊರತೆ ತುಂಬಲು ಮೊದಲೇ ಇಟ್ಟ ಮೀಸಲು ಹಣ) ಮುರಿದು ಕೊಟ್ಟರು. ಆ ಎನ್‌ಬಿಎಫ್‌ಸಿಯ ರೇಟಿಂಗ್ ಕುಸಿದಿದೆ, ಅದಕ್ಕೆ ಸಾಲ ಕೊಟ್ಟ ಬ್ಯಾಂಕುಗಳು ಎನ್‌ಸಿಎಲ್‌ಟಿಗೆ (ದಿವಾಳಿ ಪ್ರಕರಣ ನೋಡುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಲಿವೆ ಎಂಬ ಸುದ್ದಿಯಿದೆ. ಹೂಡಿಕೆದಾರರ ಪರವಾಗಿ ಪೂಲ್ ನೋಡಿಕೊಳ್ಳುವ ಟ್ರಸ್ಟಿಯವರನ್ನು ಕೇಳಿದರೆ ‘ಕಾನೂನು ಅಭಿಪ್ರಾಯ ಕೇಳಿದ್ದೇವೆ’ ಎನ್ನುತ್ತಾರೆ. ಕಂಪನಿ ದಿವಾಳಿಯಾದರೆ ನಾವೂ ಉಳಿದ ಸಾಲ ಕೊಟ್ಟವರ ಜೊತೆ ಸರದಿಯಲ್ಲಿ ನಿಲ್ಲಬೇಕೇ? ಈಗ ನಾವೇನು ಮಾಡಬೇಕು?

ಉತ್ತರ:

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ದಾಖಲೆಗಳು ಸರಿಯಿದ್ದರೆ ನೀವು ಆ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಸಾಲಗಳ ಪೂಲ್ ಟ್ರಸ್ಟ್‌ಗೆ ಮಾರಾಟವಾಗಿದೆ. ಎನ್‌ಬಿಎಫ್‌ಸಿ ಈಗ ಅದರ ಒಡೆಯನಲ್ಲ, ಕಂತು ವಸೂಲು ಮಾಡಿ ಒಪ್ಪಿಸುವ ಸರ್ವಿಸರ್ ಅಷ್ಟೇ. ಎರಡನೆಯ ಪ್ರಶ್ನೆಗೆ ಮಾತ್ರ ಉದ್ದದ ಉತ್ತರ ಬೇಕು. ಇಂಥ ವ್ಯವಹಾರ ಕೆಟ್ಟಾಗ ಹೂಡಿಕೆದಾರರು ಒಡೆತನದ ಕುರಿತು ಹಿರಿಯ ವಕೀಲರ ಅಭಿಪ್ರಾಯಕ್ಕೆ ಕಾಯುತ್ತ ಕೂರುತ್ತಾರೆ. ಒಡೆತನದ ಪ್ರಶ್ನೆ ಆರು ತಿಂಗಳು ಬಿಟ್ಟು ನೋಡಿದರೂ ಅಲ್ಲೇ ಇರುತ್ತದೆ. ಈ ತಿಂಗಳ 5ರಂದು ಸಾಲಗಾರ ಕಟ್ಟಿದ ಕಂತು 20ನೇ ತಾರೀಖಿನ ಹೊತ್ತಿಗೆ ಕಂಪನಿಯ ಖಾತೆಯಲ್ಲಿ ಇರುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಮೊದಲು ಹಣದ ಹಿಡಿತ, ವಾದ ಆಮೇಲೆ.

ಒಂದು ಲೆಕ್ಕ

ನಿಮ್ಮ ವಾಹನ ಪೂಲ್ ಹೀಗಿದೆ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ಪಿಟಿಸಿ ಬಾಕಿ ₹26 ಕೋಟಿ, ಬಡ್ಡಿ ಶೇ 10.2. ಈ ತಿಂಗಳು ಬಡ್ಡಿ ₹22.1 ಲಕ್ಷ, ಅಸಲು ₹2.5 ಕೋಟಿ, ಟ್ರಸ್ಟಿ ಮತ್ತು ಸರ್ವಿಸರ್ ಶುಲ್ಕ ₹4 ಲಕ್ಷ. ಒಟ್ಟು ₹2.761 ಕೋಟಿ ಬೇಕು. ಸಾಲಗಾರರಿಂದ ಬರಬೇಕಿದ್ದದ್ದು ₹3.4 ಕೋಟಿ, ಬಂದದ್ದು ಅದರ ಶೇ 70, ಅಂದರೆ ₹2.38 ಕೋಟಿ. ಕೊರತೆ ₹38.1 ಲಕ್ಷ. ಕ್ಯಾಶ್ ಕೊಲ್ಯಾಟರಲ್ ₹3 ಕೋಟಿ ಇದ್ದರೆ, ಪ್ರತಿ ತಿಂಗಳೂ ಇಷ್ಟೇ ಕೊರತೆ ಬಿದ್ದರೂ ಏಳು ತಿಂಗಳು ಪೂರ್ತಿ ಮತ್ತು ಎಂಟನೆಯ ತಿಂಗಳ ಬಹುಪಾಲು ತುಂಬಿಕೊಡುತ್ತದೆ.

ಈಗ ಅದೇ ₹2.38 ಕೋಟಿ ವಸೂಲಾಗಿದೆ, ಆದರೆ ಕಂಪನಿ ಅದನ್ನು ಟ್ರಸ್ಟ್ ಖಾತೆಗೆ ಹಾಕಲಿಲ್ಲ ಎನ್ನಿ. ₹2.761 ಕೋಟಿ ಪೂರ್ತಿಯಾಗಿ ಕೊಲ್ಯಾಟರಲ್‌ನಿಂದಲೇ ಹೋಗಬೇಕು. ತಿಂಗಳ ಕೊನೆಗೆ ಉಳಿಯುವುದು ₹23.9 ಲಕ್ಷ. ಸಾಲಗಾರರು ಕೈಕೊಟ್ಟರೆ ಸುಮಾರು ಎಂಟು ತಿಂಗಳು ತಡೆಯುವ ರಕ್ಷಣೆ, ಸರ್ವಿಸರ್ ಕೈಕೊಟ್ಟರೆ ಒಂದೇ ತಿಂಗಳಲ್ಲಿ ಬಹುತೇಕ ಮುಗಿಯುತ್ತದೆ. ಕೊಲ್ಯಾಟರಲ್‌ನ ಗಾತ್ರವನ್ನು ಮುಖ್ಯವಾಗಿ ಸಾಲ ಮುಳುಗುವ ಪ್ರಮಾಣ ನೋಡಿ ಗೊತ್ತುಮಾಡಿರುತ್ತಾರೆ. ಸರ್ವಿಸರ್ ಹಣ ಹಿಡಿದಿಟ್ಟುಕೊಳ್ಳುವ ಅಪಾಯವನ್ನು ಅದು ತಾಳುವುದಿಲ್ಲ.

ಹಾಗಾಗಿ ಟ್ರಸ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಕಾನೂನಿನದ್ದಲ್ಲ. ಎರಡನೆಯ ತಿಂಗಳು ಕೊಲ್ಯಾಟರಲ್ ಮುರಿದದ್ದು ವಸೂಲಿ ಕಡಿಮೆಯಾಗಿ ಎಂದೋ, ವಸೂಲಾದ ಹಣ ಬಾರದೆ ಎಂದೋ? ಸರ್ವಿಸರ್‌ನ ಮಾಸಿಕ ವರದಿಯಲ್ಲಿ ಒಂದು ಕಾಲಂ ‘ವಸೂಲಿ’ ಎನ್ನುತ್ತದೆ. ಟ್ರಸ್ಟ್‌ನ ಕಲೆಕ್ಷನ್ ಅಂಡ್ ಪೇಔಟ್ ಖಾತೆಯ ಸ್ಟೇಟ್‌ಮೆಂಟ್ ಜಮೆಯನ್ನು ತೋರಿಸುತ್ತದೆ. ಎರಡೂ ತಾಳೆಯಾಗದಿದ್ದರೆ ನಿಮ್ಮ ಸಮಸ್ಯೆ ಸಾಲಗಾರರದ್ದಲ್ಲ.

ಇಲ್ಲಿ ಒಂದು ಮರೆಯ ಬಲೆಯಿದೆ. ನಿಮ್ಮ ಪಿಟಿಸಿಯಲ್ಲಿ ಅಸಲು ಪ್ರತಿ ತಿಂಗಳೂ ಬರಲೇಬೇಕೆಂಬ ಷರತ್ತಿದೆಯೋ, ಅಥವಾ ಬಡ್ಡಿ ಮಾತ್ರ ಸಕಾಲಕ್ಕೆ, ಅಸಲು ಅಂತಿಮ ದಿನಾಂಕದೊಳಗೆ ಎಂದಿದೆಯೋ ನೋಡಿ. ಎರಡನೆಯ ಬಗೆಯದ್ದಾದರೆ ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ ₹26.1 ಲಕ್ಷ ಕೊಟ್ಟರೆ ಸಾಕು. ಸರ್ವಿಸರ್ ಒಂದು ಪೈಸೆ ಕಳಿಸದಿದ್ದರೂ ಕೊಲ್ಯಾಟರಲ್ 11 ತಿಂಗಳು ಎಳೆಯುತ್ತದೆ, ಅಷ್ಟು ಕಾಲವೂ ಕಾಗದದ ಮೇಲೆ ‘ಸುಸ್ತಿ’ ಆಗಿರುವುದಿಲ್ಲ. ಪಾವತಿ ತಪ್ಪುವವರೆಗೆ ಕಾಯುವ ಟ್ರಸ್ಟಿ ಅಲ್ಲಿ ಪೂರ್ತಿ ಕಾಲ ಕಳೆದುಬಿಡುತ್ತಾರೆ. ಆದ್ದರಿಂದ ಪಾವತಿ ತಪ್ಪಿದ ಷರತ್ತನ್ನು ಬಿಟ್ಟು, ಸರ್ವಿಸಿಂಗ್ ಒಪ್ಪಂದದಲ್ಲಿರುವ ‘ಸರ್ವಿಸರ್ ಸುಸ್ತಿ’ ಷರತ್ತನ್ನು ಹಿಡಿಯಿರಿ. ಹಣ ಒಪ್ಪಿಸಲು ತಡ, ವರದಿ ಕೊಡಲು ತಡ, ರೇಟಿಂಗ್ ಇಳಿಕೆ ಇವುಗಳಲ್ಲಿ ಯಾವುದಾದರೂ ಒಂದು ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಈ ವಾರ ಹಣದ ಜಾಡು

ಟ್ರಸ್ಟಿಯ ಮೂಲಕ ಮೂರು ಕಡತ ತರಿಸಿ: ಸಾಲ ಸಂಖ್ಯೆವಾರು, ದಿನವಾರು ವಸೂಲಿ ಪಟ್ಟಿ, ಕಂಪನಿಯ ಕಲೆಕ್ಷನ್ ಖಾತೆಯ ಸ್ಟೇಟ್‌ಮೆಂಟ್, ಟ್ರಸ್ಟ್ ಖಾತೆಯ ಸ್ಟೇಟ್‌ಮೆಂಟ್. ಒಬ್ಬ ಒಳ್ಳೆಯ ಲೆಕ್ಕಿಗ ಎರಡು ದಿನದಲ್ಲಿ ಇವನ್ನು ತಾಳೆ ಹಾಕಬಲ್ಲ. ಕಲೆಕ್ಷನ್ ಖಾತೆ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಖಾತೆಯೇ ಎಂದು ಖಚಿತಪಡಿಸಿಕೊಳ್ಳಿ. ಹೌದಾದರೆ, ಕಂತು ಬಿದ್ದ ಕ್ಷಣವೇ ಅದು ಆ ಬ್ಯಾಂಕಿನ ಸಾಲಕ್ಕೆ ಜಮೆಯಾಗುತ್ತದೆ. ನಿಮ್ಮ ಸಾಲಗಾರ ಕಟ್ಟಿದ ಹಣದಲ್ಲಿ ಬೇರೊಬ್ಬರ ಬಾಕಿ ತೀರುತ್ತಿರುತ್ತದೆ.

ಕಾನೂನಿನ ಬಲ ನಿಮ್ಮ ಕಡೆಗಿದೆ. ವಸೂಲಾದ ಹಣವನ್ನು ಸರ್ವಿಸರ್ ಹೂಡಿಕೆದಾರರ ಪರವಾಗಿ ನಂಬಿಕೆಯ ಹಣವಾಗಿ ಇಟ್ಟುಕೊಳ್ಳಬೇಕು, ತನ್ನದರ ಜೊತೆ ಬೆರೆಸಬಾರದು ಎಂದು ಆರ್‌ಬಿಐ 2006ರ ಫೆಬ್ರುವರಿಯ ಮಾರ್ಗಸೂಚಿಯಲ್ಲೇ ಹೇಳಿತ್ತು. ಭಾರತೀಯ ಟ್ರಸ್ಟ್ ಕಾಯ್ದೆ, 1882ರ 63ನೇ ಸೆಕ್ಷನ್ ಟ್ರಸ್ಟ್ ಆಸ್ತಿಯನ್ನು ಮೂರನೆಯವರ ಕೈಗೆ ಹೋದರೂ ಹಿಂಬಾಲಿಸುವ ಹಕ್ಕು ಕೊಡುತ್ತದೆ. ತನ್ನದರ ಜೊತೆ ಬೆರೆಸಿದ್ದರೆ 66ನೇ ಸೆಕ್ಷನ್ ಇಡೀ ಮೊತ್ತದ ಮೇಲೆ ನಿಮಗೆ ಬರಬೇಕಾದಷ್ಟಕ್ಕೆ ಹಕ್ಕು ಕೊಡುತ್ತದೆ. ಅಕ್ಕಪಕ್ಕದವರ ಅಕ್ಕಿಯನ್ನು ತನ್ನ ಮೂಟೆಗೆ ಸುರಿದುಕೊಂಡವನು ‘ಯಾವ ಕಾಳು ಯಾರದ್ದೋ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಆದರೆ ಮೂಟೆ ಖಾಲಿಯಾಗಿದ್ದರೆ ಹಿಂಬಾಲಿಸಲು ಏನೂ ಇರುವುದಿಲ್ಲ. ಆ ಮೊತ್ತದ ಮಟ್ಟಿಗೆ ನೀವು ನಿಜಕ್ಕೂ ಸಾಮಾನ್ಯ ಸಾಲ ಕೊಟ್ಟವರ ಸರದಿಗೆ ಬೀಳುತ್ತೀರಿ. ನಿಮ್ಮ ಪ್ರಶ್ನೆಯಲ್ಲಿದ್ದ ಭಯ ನಿಜವಾಗುವುದು ಇಲ್ಲಿ.

ಹಾಗಾಗಿ ತಿಂಗಳಿಗೊಮ್ಮೆ ಒಪ್ಪಿಸುವ ಪದ್ಧತಿಯನ್ನು ದಿನಕ್ಕೊಮ್ಮೆ ಎಂದು ಬದಲಿಸಲು ಟ್ರಸ್ಟಿ ಇಂದೇ ನೋಟಿಸ್ ಕೊಡಲಿ. ಕಂಪನಿಯ ಒಪ್ಪಿಗೆಯೊಂದೇ ಸಾಲದು. ಕಲೆಕ್ಷನ್ ಖಾತೆಯಿರುವ ಬ್ಯಾಂಕಿಗೆ ಕಂಪನಿ ಹಿಂಪಡೆಯಲಾಗದ ಸೂಚನೆ ಕೊಡಬೇಕು, ಬ್ಯಾಂಕ್ ಅದಕ್ಕೆ ಸಹಿ ಹಾಕಿ ಒಪ್ಪಬೇಕು. ‘ಈ ಖಾತೆಯಲ್ಲಿ ಟ್ರಸ್ಟ್ ಹಣ ಬರುತ್ತಿದೆ’ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಹಾಗೆ ತಿಳಿದ ಮೇಲೂ ತನ್ನ ಬಾಕಿಗೆ ಹೊಂದಿಸಿಕೊಂಡ ಬ್ಯಾಂಕಿನ ಸ್ಥಿತಿ ಮುಂದೆ ಕೋರ್ಟಿನಲ್ಲಿ ಬಹಳ ದುರ್ಬಲವಾಗುತ್ತದೆ.

ಕಂಪನಿ ಒಪ್ಪದಿದ್ದರೆ ತಡೆಯಾಜ್ಞೆಗೆ ಹೋಗಬೇಕು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತಿದ್ದರೆ ಮಧ್ಯಸ್ಥಿಕೆ ಕಾಯ್ದೆಯ 9ನೇ ಸೆಕ್ಷನ್ ಅಡಿ ಅರ್ಜಿ. ಆಜ್ಞೆ ಸಿಕ್ಕ 90 ದಿನದೊಳಗೆ ಮಧ್ಯಸ್ಥಿಕೆ ಆರಂಭಿಸಬೇಕು. ಆ ಷರತ್ತು ಇಲ್ಲದಿದ್ದರೆ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ. ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಸೆಕ್ಷನ್ ಪ್ರಕಾರ ದಾವೆಗೆ ಮುನ್ನ ಮಧ್ಯವರ್ತನೆ (ಮೀಡಿಯೇಷನ್) ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಹೇಳಿದೆ. ತುರ್ತು ಮಧ್ಯಂತರ ಪರಿಹಾರ ಕೇಳಿದರೆ ಮಾತ್ರ ಅದರಿಂದ ವಿನಾಯಿತಿ. ಆದ್ದರಿಂದ ತುರ್ತು ಏನೆಂಬುದು ತಾರೀಖು, ಮೊತ್ತ ಸಹಿತ ದಾವೆಯಲ್ಲೇ ಕಾಣಬೇಕು. ನಾಲ್ಕು ತಿಂಗಳು ಸುಮ್ಮನಿದ್ದು ‘ತುರ್ತು’ ಎಂದರೆ ನ್ಯಾಯಾಧೀಶರು ನಂಬುವುದಿಲ್ಲ. ದಾವೆಯನ್ನು ಟ್ರಸ್ಟಿಯ ಹೆಸರಲ್ಲೇ ಹೂಡಬೇಕು, ಏಕೆಂದರೆ ಟ್ರಸ್ಟ್ ತಾನಾಗಿ ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲ.

ಎನ್‌ಸಿಎಲ್‌ಟಿ ಸುದ್ದಿ

ಬ್ಯಾಂಕುಗಳು ತಾವಾಗಿ ಎನ್‌ಬಿಎಫ್‌ಸಿಯನ್ನು ಎನ್‌ಸಿಎಲ್‌ಟಿಗೆ ಎಳೆಯಲು ಬರುವುದಿಲ್ಲ. ದಿವಾಳಿ ಸಂಹಿತೆ ಹಣಕಾಸು ಸೇವಾ ಸಂಸ್ಥೆಗಳನ್ನು ಸಾಮಾನ್ಯ ಪ್ರಕ್ರಿಯೆಯಿಂದ ಹೊರಗಿಟ್ಟಿದೆ. 2019ರ ನವೆಂಬರ್‌ನಲ್ಲಿ ಬಂದ ವಿಶೇಷ ನಿಯಮಗಳ ಪ್ರಕಾರ ₹500 ಕೋಟಿ ಅಥವಾ ಹೆಚ್ಚಿನ ಆಸ್ತಿಯ ಎನ್‌ಬಿಎಫ್‌ಸಿಗಳ ವಿರುದ್ಧ ಆರ್‌ಬಿಐ ಮಾತ್ರ ಅರ್ಜಿ ಹಾಕಬಹುದು. ಗೃಹ ಸಾಲ ಕಂಪನಿ ಡಿಎಚ್‌ಎಫ್‌ಎಲ್ ಅದರ ಮೊದಲ ಪ್ರಕರಣ: 2019ರ ನವೆಂಬರ್ 20ರಂದು ಆಡಳಿತ ಮಂಡಳಿ ರದ್ದಾಯಿತು, ಡಿಸೆಂಬರ್ 3ರಂದು ಮುಂಬೈ ಎನ್‌ಸಿಎಲ್‌ಟಿ ಅರ್ಜಿ ಅಂಗೀಕರಿಸಿತು. 2021ರಲ್ಲಿ ಶ್ರೇಯಿ ಮತ್ತು ರಿಲಯನ್ಸ್ ಕ್ಯಾಪಿಟಲ್ ಇದೇ ದಾರಿ ಹಿಡಿದವು. ನಿಮ್ಮ ಪೂಲ್ ಮಾರಿದ ಎನ್‌ಬಿಎಫ್‌ಸಿ ₹500 ಕೋಟಿಗಿಂತ ಚಿಕ್ಕದಾದರೆ ಈ ದಾರಿಯೇ ಇಲ್ಲ. ಬ್ಯಾಂಕುಗಳು ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗುತ್ತವೆ, ಅಥವಾ ಆರ್‌ಬಿಐ ಕಂಪನಿ ಮುಚ್ಚಲು ಕೇಳುತ್ತದೆ. ಕಂಪನಿಯ ಇತ್ತೀಚಿನ ಬ್ಯಾಲೆನ್ಸ್ ಶೀಟ್ ತೆಗೆದು ಒಂದು ಅಂಕಿ ನೋಡಿದರೆ ಮುಂದಿನ ದಾರಿ ಯಾವುದೆಂದು ತಿಳಿಯುತ್ತದೆ.

ಆರ್‌ಬಿಐ ಅರ್ಜಿ ಹಾಕಿದ ದಿನದಿಂದಲೇ ಮಧ್ಯಂತರ ಮೊರಟೋರಿಯಂ (ಕಂಪನಿಯ ವಿರುದ್ಧದ ದಾವೆ, ವಸೂಲಿಗೆ ತಾತ್ಕಾಲಿಕ ತಡೆ) ಶುರುವಾಗುತ್ತದೆ. ಆದರೆ ಅದೇ ನಿಯಮಗಳ 10ನೇ ನಿಯಮ, ಕಂಪನಿಯ ವಶದಲ್ಲಿರುವ ಮೂರನೆಯವರ ಆಸ್ತಿಗೆ, ನಂಬಿಕೆಯಾಗಿ ಇಟ್ಟ ಹಣವೂ ಸೇರಿ, ಮೊರಟೋರಿಯಂ ತಾಗುವುದಿಲ್ಲ ಎನ್ನುತ್ತದೆ. ಅಂಥ ಆಸ್ತಿಯನ್ನು ದಿವಾಳಿ ಪ್ರಕ್ರಿಯೆ ನಡೆಸುವ ಆಡಳಿತಾಧಿಕಾರಿ ಹೇಗೆ ನಿರ್ವಹಿಸಬೇಕೆಂದು 2020ರ ಜನವರಿ 30ರ ಅಧಿಸೂಚನೆ ತಿಳಿಸಿದೆ. ಸಂಹಿತೆಯ 18ನೇ ಸೆಕ್ಷನ್‌ನ ವಿವರಣೆ ಮತ್ತು ಲಿಕ್ವಿಡೇಷನ್‌ಗೆ (ಕಂಪನಿ ಮುಚ್ಚಿ ಆಸ್ತಿ ಮಾರುವುದು) ಸಂಬಂಧಿಸಿದ 36(4) ಕೂಡ ಇದನ್ನೇ ಹೇಳುತ್ತವೆ.

ಹಾಗಿದ್ದೂ ಡಿಎಚ್‌ಎಫ್‌ಎಲ್‌ನಲ್ಲಿ ತೊಂದರೆ ಬಂದದ್ದು ಎನ್‌ಸಿಎಲ್‌ಟಿಗೂ ಮುಂಚೆ. ಡಿಬೆಂಚರ್ ಹೊಂದಿದ್ದ ಮ್ಯೂಚುವಲ್ ಫಂಡ್ ಕಂಪನಿಯೊಂದು ಬಾಂಬೆ ಹೈಕೋರ್ಟಿನಲ್ಲಿ ದಾವೆ ಹೂಡಿ, 2019ರ ಸೆಪ್ಟೆಂಬರ್ 30ರಂದು ಕಂಪನಿಯ ಪಾವತಿಗಳಿಗೆ ತಡೆ ತಂದಿತು. ಆ ಆಜ್ಞೆಯ ನೆರಳಲ್ಲಿ ಪಿಟಿಸಿ ಮತ್ತು ನೇರ ವರ್ಗಾವಣೆಯ (ಟ್ರಸ್ಟ್ ಇಲ್ಲದೆ ಸಾಲಗಳನ್ನೇ ಕೊಂಡ) ಹೂಡಿಕೆದಾರರಿಗೆ ಹೋಗಬೇಕಿದ್ದ ಹಣವೂ ನಿಂತಿತು. ಅದು ಕಂಪನಿಯ ಹಣವಲ್ಲ ಎಂದು ಅವರು ಬೇರೆಯಾಗಿ ಹೋಗಿ ವಾದಿಸಬೇಕಾಯಿತು. ನಿಮಗೂ ಅಪಾಯ ಬರುವುದು ಇಂಥ ಕಡೆಯಿಂದ: ಯಾರೋ ಮೂರನೆಯವರ ದಾವೆ, ತನಿಖಾ ಸಂಸ್ಥೆ ಖಾತೆ ಜಪ್ತಿ ಮಾಡಿದ್ದು, ಡಿಆರ್‌ಟಿ ಆಜ್ಞೆ. ಖಾತೆಯ ಹೆಸರಲ್ಲಿ ‘ಟ್ರಸ್ಟ್’ ಎಂದು ಕಾಣದಿದ್ದರೆ ಬ್ಯಾಂಕ್ ಮ್ಯಾನೇಜರ್ ಕಂಪನಿಯ ಪ್ಯಾನ್ ಹುಡುಕಿ ಸಿಕ್ಕಿದ್ದೆಲ್ಲವನ್ನೂ ಮುಚ್ಚಿಬಿಡುತ್ತಾರೆ. ಖಾತೆ ಯಾವ ಪ್ಯಾನ್ ಮೇಲಿದೆ ಎಂದು ಇವತ್ತೇ ಕೇಳಿ.

ಮಾರಾಟವೋ, ಮಾರಾಟದ ವೇಷದ ಸಾಲವೋ

ಆಡಳಿತಾಧಿಕಾರಿ ಬಂದರೆ ಬ್ಯಾಂಕುಗಳ ವಕೀಲರು ‘ಇದು ಮಾರಾಟವೇ ಅಲ್ಲ, ಪೂಲ್ ಒತ್ತೆಯಿಟ್ಟು ಪಡೆದ ಸಾಲ’ ಎಂದು ವಾದಿಸಬಹುದು. ಆಗ ನೋಡುವುದು ಇವನ್ನು: ಬೆಲೆ ವರ್ಗಾವಣೆಯ ಹೊತ್ತಿಗೇ ನಗದಾಗಿ ಸಂದಾಯವಾಯಿತೇ, ನಷ್ಟವಾದರೆ ಕಂಪನಿಯ ಮೇಲೆ ಬೀಳುವ ಹಕ್ಕು ಹೂಡಿಕೆದಾರರಿಗೆ ಇದೆಯೇ, ಕಂಪನಿಗೆ ಬೇಕೆಂದಾಗ ವಾಪಸ್ ಕೊಳ್ಳುವ ಹಕ್ಕಿದೆಯೇ. ಆರ್‌ಬಿಐಯ 2021ರ ಸೆಪ್ಟೆಂಬರ್ 24ರ ನಿರ್ದೇಶನಗಳು ಅಳತೆಗಳನ್ನು ಸ್ಪಷ್ಟವಾಗಿ ಗೊತ್ತುಮಾಡಿದ್ದವು. 24 ತಿಂಗಳವರೆಗಿನ ಸಾಲಗಳಲ್ಲಿ ಶೇ 5, ಅದಕ್ಕೂ ದೀರ್ಘಾವಧಿಯವುಗಳಲ್ಲಿ ಶೇ 10 ಪಾಲನ್ನು ಕಂಪನಿ ತನ್ನಲ್ಲೇ ಉಳಿಸಿಕೊಳ್ಳಬೇಕು (ಗೃಹ ಸಾಲಕ್ಕೆ ಶೇ 5). ಮಾರುವ ಮುನ್ನ ಎರಡು ವರ್ಷದವರೆಗಿನ ಸಾಲವನ್ನು ಕನಿಷ್ಠ 3 ತಿಂಗಳು, ಅದಕ್ಕೂ ಉದ್ದದ್ದನ್ನು 6 ತಿಂಗಳು ಇಟ್ಟುಕೊಂಡಿರಬೇಕು. ಪೂಲ್ ಶೇ 10ಕ್ಕೆ ಕರಗಿದ ಮೇಲೆ ಮಾತ್ರ ಉಳಿದದ್ದನ್ನು ವಾಪಸ್ ಕೊಳ್ಳಬಹುದು.

ಕಂಪನಿಯೇ ವಸೂಲಿ ಮಾಡುತ್ತಿದೆ ಎಂಬುದರಿಂದಾಗಲಿ, ಮಿತಿಯೊಳಗಿನ ಮೊದಲ ನಷ್ಟವನ್ನು ಹೊತ್ತಿದೆ ಎಂಬುದರಿಂದಾಗಲಿ ಮಾರಾಟ ಕೆಡುವುದಿಲ್ಲ. ಕೆಡಿಸುವುದು ಆಮೇಲಿನ ನಡವಳಿಕೆ. ಬಾಕಿ ಬಿದ್ದ ಸಾಲ ತೆಗೆದು ಹೊಸದನ್ನು ಸೇರಿಸುವುದು, ಒಪ್ಪಂದದ ಮಿತಿ ಮೀರಿ ಕಂಪನಿ ತನ್ನ ಹಣದಿಂದ ಕೊರತೆ ತುಂಬುವುದು ಆಗೆಲ್ಲ ನಿಮಗೆ ಉಪಕಾರದಂತೆ ಕಂಡಿರುತ್ತದೆ. ಎದುರು ವಕೀಲರ ಕೈಗೆ ಅದು ಬಲವಾದ ಸಾಕ್ಷ್ಯ.

ನಿಮ್ಮ ಎರಡು ಪೂಲ್‌ಗಳಿಗೆ ಇಲ್ಲಿ ವ್ಯತ್ಯಾಸವಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಭದ್ರತೆಯಿಲ್ಲ, ಆದ್ದರಿಂದ ಅದು ಆಸ್ತಿ ವರ್ಗಾವಣೆ ಕಾಯ್ದೆಯ 130ನೇ ಸೆಕ್ಷನ್ ಅಡಿ ಸಹಿ ಮಾಡಿದ ಪತ್ರದಿಂದಲೇ ವರ್ಗವಾಗುತ್ತದೆ. ವಾಹನದ ಹೈಪಾಥಿಕೇಷನ್ (ವಾಹನ ಸಾಲಗಾರನ ಬಳಿಯೇ ಇದ್ದು ಸಾಲಕ್ಕೆ ಒತ್ತೆಯಾಗಿರುವುದು) ಇರುವ ಸಾಲ ಆ ಕಾಯ್ದೆಯ 3ನೇ ಸೆಕ್ಷನ್‌ನ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. ಅಷ್ಟಕ್ಕೇ ವರ್ಗಾವಣೆ ಅಸಿಂಧುವಾಗುವುದಿಲ್ಲ. ಬ್ಯಾಂಕುಗಳ ನಡುವಿನ ಸಾಲ ವರ್ಗಾವಣೆಯನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ಎಪಿಎಸ್ ಸ್ಟಾರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಪತ್ರದಲ್ಲಿ ಸಾಲದ ಜೊತೆ ಭದ್ರತೆಯೂ ವರ್ಗವಾಗಿದೆ ಎಂಬ ಮಾತು ಮತ್ತು ವಾಹನವಾರು ಅನುಬಂಧ ಇರಲೇಬೇಕು. ಮುದ್ರಾಂಕ ಶುಲ್ಕವನ್ನೂ ಈಗಲೇ ನೋಡಿ. ಕಡಿಮೆ ಶುಲ್ಕದ ಪತ್ರ, ಕೊರತೆ ಮತ್ತು ದಂಡ ಕಟ್ಟುವವರೆಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಕರ್ನಾಟಕದ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದಂಡ ಕೊರತೆಯ ಹತ್ತು ಪಟ್ಟು. ಮುಂಬೈಯಲ್ಲೋ ಚೆನ್ನೈಯಲ್ಲೋ ಬರೆದ ಮೂಲ ಪತ್ರವನ್ನು ಇಲ್ಲಿನ ಕೋರ್ಟಿಗೆ ತರುವ ಮುನ್ನ ಎರಡು ರಾಜ್ಯಗಳ ಶುಲ್ಕದ ವ್ಯತ್ಯಾಸ ವಿಚಾರಿಸಿ.

ನನಗೆ ಹೆಚ್ಚು ಚಿಂತೆಯ ವಿಷಯ ಇನ್ನೊಂದಿದೆ: ಒಂದೇ ಸಾಲ ಎರಡು ಕಡೆ ಇರುವುದು. ಎನ್‌ಬಿಎಫ್‌ಸಿಗಳು ತಮಗೆ ಬರಬೇಕಾದ ಕಂತುಗಳನ್ನೆಲ್ಲ ಬ್ಯಾಂಕುಗಳಿಗೆ ಹೈಪಾಥಿಕೇಟ್ ಮಾಡಿರುತ್ತವೆ. ಪೂಲ್ ಮಾರುವ ಮುನ್ನ ಆ ಬ್ಯಾಂಕುಗಳಿಂದ ನಿರಾಕ್ಷೇಪಣಾ ಪತ್ರ ಬಂದಿರಬೇಕು, ಅದರ ತಾರೀಖು ವರ್ಗಾವಣೆ ಪತ್ರಕ್ಕಿಂತ ಹಿಂದಿನದಾಗಿರಬೇಕು. ಕಂಪನಿ ರಿಜಿಸ್ಟ್ರಾರ್ ಬಳಿಯಿರುವ ಚಾರ್ಜ್ (ಆಸ್ತಿಯ ಮೇಲಿನ ಭದ್ರತಾ ಹಕ್ಕು) ದಾಖಲೆ ಮತ್ತು ಸೆರ್ಸಾಯ್ (ಒತ್ತೆಗಳ ಕೇಂದ್ರ ನೋಂದಣಿ) ಹುಡುಕಾಟ ಎರಡನ್ನೂ ಮಾಡಿಸಿ. ಅಷ್ಟಕ್ಕೇ ನಿಲ್ಲಬೇಡಿ. ಕಂಪನಿ ತನ್ನ ಬ್ಯಾಂಕುಗಳಿಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಕಾಲಕಾಲಕ್ಕೆ ಒತ್ತೆಯ ಸಾಲಗಳ ಪಟ್ಟಿ ಕೊಡುತ್ತದೆ. ಅದನ್ನು ಸಾಲ ಸಂಖ್ಯೆವಾರು ಪಡೆದು ನಿಮ್ಮ ಪೂಲ್ ಪಟ್ಟಿಯೊಂದಿಗೆ ತಾಳೆ ಹಾಕಿಸಿ. ಒಂದೇ ಸಂಖ್ಯೆ ಎರಡೂ ಕಡೆ ಕಂಡರೆ ಅದು ನಾಗರಿಕ ವ್ಯಾಜ್ಯಕ್ಕೆ ಮುಗಿಯುವುದಿಲ್ಲ, ಟ್ರಸ್ಟಿ ಕೂಡಲೇ ಆರ್‌ಬಿಐಗೆ ಮತ್ತು ರೇಟಿಂಗ್ ಏಜೆನ್ಸಿಗೆ ತಿಳಿಸಬೇಕು. ಪಟ್ಟಿ ಕೊಡಲು ಕಂಪನಿ ಹಿಂದೇಟು ಹಾಕಿದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಕೊಲ್ಯಾಟರಲ್ ಯಾರ ಹೆಸರಲ್ಲಿದೆ

ಕ್ಯಾಶ್ ಕೊಲ್ಯಾಟರಲ್ ಸಾಮಾನ್ಯವಾಗಿ ಫಿಕ್ಸೆಡ್ ಡೆಪಾಸಿಟ್. ರಸೀದಿ ಕಂಪನಿಯ ಹೆಸರಲ್ಲಿದ್ದು ಟ್ರಸ್ಟಿ ಪರವಾಗಿ ಲೀನ್ (ಹಿಡಿತದ ಹಕ್ಕು) ಮಾತ್ರ ಇದ್ದರೆ ನಿಮ್ಮ ಸ್ಥಾನ ಗಟ್ಟಿಯಲ್ಲ. ಪೂಲ್ ಮಾರಿದ ಆಸ್ತಿ, ಆದರೆ ಆ ಡೆಪಾಸಿಟ್ ಕಂಪನಿಯ ಆಸ್ತಿಯ ಮೇಲಿನ ಭದ್ರತೆ. ಸಂಹಿತೆಯ 14ನೇ ಸೆಕ್ಷನ್ ಅಂಥ ಭದ್ರತೆ ಜಾರಿ ಮಾಡುವುದನ್ನು ತಡೆಯುತ್ತದೆ ಎಂದು ಆಡಳಿತಾಧಿಕಾರಿ ಹೇಳಬಹುದು. ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಅಡಿ ಚಾರ್ಜ್ ನೋಂದಣಿಯೂ ಆಗಿಲ್ಲದಿದ್ದರೆ ಲಿಕ್ವಿಡೇಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಪಾಸಿಟ್ ಇಟ್ಟ ಬ್ಯಾಂಕೇ ಕಂಪನಿಗೆ ಸಾಲವನ್ನೂ ಕೊಟ್ಟಿದ್ದರೆ ಅದನ್ನು ತನ್ನ ಬಾಕಿಗೆ ಹೊಂದಿಸಿಕೊಳ್ಳುವ ಭಯ ಬೇರೆ. ಮೊರಟೋರಿಯಂ ಬರುವ ಮುನ್ನ ದಾಖಲೆಯಲ್ಲಿ ಅವಕಾಶವಿದ್ದರೆ ಡೆಪಾಸಿಟನ್ನು ಟ್ರಸ್ಟ್‌ನ ಹೆಸರಿಗೆ, ಬೇರೆ ಬ್ಯಾಂಕಿಗೆ ಬದಲಿಸಿ. ಬ್ಯಾಂಕ್ ಗ್ಯಾರಂಟಿಯ ರೂಪದಲ್ಲಿದ್ದರೆ ನೆಮ್ಮದಿ ಹೆಚ್ಚು, ಏಕೆಂದರೆ ಅದು ಬ್ಯಾಂಕಿನದೇ ಹೊಣೆ. ಅದರ ಅವಧಿ ಮುಗಿಯುವ ತಾರೀಖು ಮಾತ್ರ ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತಾಗಿರಲಿ.

ಇದರ ಜೊತೆ ಹೆಚ್ಚುವರಿ ಬಡ್ಡಿಯ ಜಗಳವೂ ಬರುತ್ತದೆ. ಸಾಲಗಾರರ ಬಡ್ಡಿಗೂ ಪಿಟಿಸಿಯ ಬಡ್ಡಿಗೂ ಇರುವ ಅಂತರ ಸಾಮಾನ್ಯ ದಿನಗಳಲ್ಲಿ ತಿಂಗಳ ಕೊನೆಗೆ ಕಂಪನಿಗೆ ಹೋಗುತ್ತದೆ. ಆಡಳಿತಾಧಿಕಾರಿ ಅದನ್ನು ಕೇಳಿಯೇ ಕೇಳುತ್ತಾರೆ. ರೇಟಿಂಗ್ ಇಳಿದರೆ ಅಥವಾ ವಸೂಲಿ ಇಷ್ಟಕ್ಕಿಂತ ಕೆಳಗೆ ಬಂದರೆ ಅದನ್ನು ತಡೆಹಿಡಿಯಬಹುದು ಎಂಬ ಷರತ್ತು ನಿಮ್ಮ ಒಪ್ಪಂದದಲ್ಲಿದ್ದರೆ, ಟ್ರಸ್ಟಿ ಆ ನೋಟಿಸನ್ನು ದಿವಾಳಿ ಅರ್ಜಿಗೆ ಮೊದಲೇ ಕೊಟ್ಟಿರಲಿ.

ಕ್ಲೇಮ್ ಹಾಕುವಾಗ ಎಚ್ಚರ

ಪ್ರಕ್ರಿಯೆ ಶುರುವಾದ ಮೇಲೆ ಕ್ಲೇಮ್‌ಗೆ 14 ದಿನದ ಗಡುವಿರುವ ಪ್ರಕಟಣೆ ಬರುತ್ತದೆ. ಗಾಬರಿಯಿಂದ ಪಿಟಿಸಿಯ ಪೂರ್ತಿ ಬಾಕಿಗೆ ಕ್ಲೇಮ್ ಹಾಕುವುದು ದೊಡ್ಡ ತಪ್ಪು. ‘ಕಂಪನಿ ನನಗೆ ₹26 ಕೋಟಿ ಕೊಡಬೇಕು’ ಎಂದು ಸಹಿ ಮಾಡಿದವರು ಮರುದಿನ ‘ಪೂಲ್ ನನ್ನದು, ಕಂಪನಿಯದಲ್ಲ’ ಎಂದರೆ ಯಾರು ಕೇಳುತ್ತಾರೆ? ಕಂಪನಿ ನಿಜಕ್ಕೂ ಕೊಡಬೇಕಾದದ್ದಕ್ಕೆ ಮಾತ್ರ ಟ್ರಸ್ಟಿ ಕ್ಲೇಮ್ ಹಾಕಲಿ: ವಸೂಲಾಗಿ ಒಪ್ಪಿಸದೆ ಖರ್ಚಾದ ಹಣ, ವಾರಂಟಿ ಉಲ್ಲಂಘನೆಯಿಂದ ವಾಪಸ್ ಕೊಳ್ಳಬೇಕಿದ್ದ ಸಾಲಗಳು. ಅದರಲ್ಲೂ ‘ಒಡೆತನದ ಹಕ್ಕಿಗೆ ಬಾಧಕವಿಲ್ಲದೆ’ ಎಂದು ಬರೆದಿರಲಿ. ಪೂಲ್ ಮತ್ತು ಖಾತೆಯಲ್ಲಿ ಗುರುತಿಸಬಹುದಾದ ಹಣಕ್ಕೆ ದಾರಿ ಬೇರೆ. ಮೊದಲು ಆಡಳಿತಾಧಿಕಾರಿಗೆ ಮೂರನೆಯವರ ಆಸ್ತಿ ಎಂದು ಪತ್ರ, ಒಪ್ಪದಿದ್ದರೆ ಸಂಹಿತೆಯ 60(5) ಸೆಕ್ಷನ್ ಅಡಿ ಎನ್‌ಸಿಎಲ್‌ಟಿಗೆ ಅರ್ಜಿ.

ಸರ್ವಿಸರ್ ಬದಲಿಸುವುದು

ಒಪ್ಪಂದದಲ್ಲಿ ಇದು ಒಂದು ಸಾಲು. ನಡೆಸುವುದು ತಿಂಗಳುಗಳ ಕೆಲಸ. ವಾಹನ ಪೂಲ್‌ನಲ್ಲಿ ಕಂತು ಬರುವುದು ಬಹುತೇಕ ನ್ಯಾಚ್ ಮ್ಯಾಂಡೇಟ್‌ನಿಂದ (ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಸಾಲಗಾರ ಕೊಟ್ಟ ಒಪ್ಪಿಗೆ). ಆ ಮ್ಯಾಂಡೇಟ್ ಕಂಪನಿಯ ಹೆಸರಿಗೂ ಅದರ ಸ್ಪಾನ್ಸರ್ ಬ್ಯಾಂಕಿನ ಕೋಡ್‌ಗೂ ಅಂಟಿಕೊಂಡಿದೆ. ಹೊಸ ಸರ್ವಿಸರ್ ಬಂದರೆ ಒಬ್ಬೊಬ್ಬ ಸಾಲಗಾರನಿಂದ ಹೊಸ ಒಪ್ಪಿಗೆ ಬೇಕಾಗಬಹುದು, ಪ್ರತಿ ಹಂತದಲ್ಲೂ ಕೆಲವರು ಜಾರಿಹೋಗುತ್ತಾರೆ. ಆದ್ದರಿಂದ ಮಧ್ಯಂತರದಲ್ಲಿ ಕಂಪನಿಯ ಮ್ಯಾಂಡೇಟ್‌ನಲ್ಲೇ ಕಂತು ಎಳೆದು, ಬಿದ್ದ ಹಣವನ್ನು ಮರುದಿನವೇ ಟ್ರಸ್ಟ್ ಖಾತೆಗೆ ಹರಿಸುವುದು ಜಾಣತನ. ವಾಹನದ ಆರ್‌ಸಿಯಲ್ಲಿ ಹೈಪಾಥಿಕೇಷನ್ ಕಂಪನಿಯ ಹೆಸರಲ್ಲೇ ಇರುತ್ತದೆ. ಸಾಲ ತೀರಿಸಿದವನಿಗೆ ಫಾರ್ಮ್ 35ಕ್ಕೆ (ಹೈಪಾಥಿಕೇಷನ್ ರದ್ದತಿಯ ನಮೂನೆ) ಸಹಿ ಹಾಕಲು ಕಂಪನಿಯಲ್ಲಿ ಯಾರೂ ಇಲ್ಲದಿದ್ದರೆ ಅವನು ಜಗಳಕ್ಕೆ ಬರುತ್ತಾನೆ, ಸುದ್ದಿ ಹರಡಿ ಉಳಿದವರೂ ಕಂತು ನಿಲ್ಲಿಸುತ್ತಾರೆ. ಇದಕ್ಕೆ ಕಂಪನಿ ಟ್ರಸ್ಟಿಗೆ ಬರೆದುಕೊಟ್ಟ ಹಿಂಪಡೆಯಲಾಗದ ಅಧಿಕಾರಪತ್ರವೇ ಆಧಾರ. ಹಿತಾಸಕ್ತಿಯೊಂದಿಗೆ ಕೂಡಿದ ಅಧಿಕಾರವನ್ನು ಅದಕ್ಕೆ ಬಾಧಕವಾಗುವಂತೆ ಮುರಿಯಲು ಬರುವುದಿಲ್ಲ ಎಂದು ಗುತ್ತಿಗೆ ಕಾಯ್ದೆಯ 202ನೇ ಸೆಕ್ಷನ್ ಹೇಳುತ್ತದೆ. ಅದರ ಮೂಲ ಪ್ರತಿ ಟ್ರಸ್ಟಿಯ ಬಳಿ ಇದೆಯೇ, ನೋಟರಿ ಆಗಿದೆಯೇ ಎಂದು ಕಣ್ಣಾರೆ ನೋಡಿ.

ಸಾಲಗಾರರಿಗೆಲ್ಲ ‘ಇನ್ನು ಮುಂದೆ ಟ್ರಸ್ಟಿಗೆ ಕಟ್ಟಿ’ ಎಂದು ಪತ್ರ ಕಳಿಸುವ ಉತ್ಸಾಹ ಕೆಲವರಿಗಿರುತ್ತದೆ. ಕಾನೂನು ಅದಕ್ಕೆ ಕಾರಣ ಕೊಡುತ್ತದೆ ನಿಜ: ನೋಟಿಸ್ ಸಿಗದ ಸಾಲಗಾರ ಹಳೆಯ ಕಂಪನಿಗೆ ಕಟ್ಟಿದರೂ ಅವನ ಹೊಣೆ ತೀರುತ್ತದೆ. ಆದರೆ ಕಟ್ಟಿಸಿಕೊಳ್ಳುವ ವ್ಯವಸ್ಥೆ ಸಿದ್ಧವಾಗುವ ಮುನ್ನ ಪತ್ರ ಹೋದರೆ ಸಾಲಗಾರ ಇಬ್ಬರಿಗೂ ಕಟ್ಟುವುದಿಲ್ಲ. ಪತ್ರ, ಹೊಸ ಕ್ಯೂಆರ್, ಸಹಾಯವಾಣಿ ಒಂದೇ ದಿನ ಹೋಗಲಿ.

ಮೈಕ್ರೋಫೈನಾನ್ಸ್ ಪೂಲ್‌ನಲ್ಲಿ ಇದಕ್ಕಿಂತ ಕಷ್ಟ. ಅಲ್ಲಿ ವಸೂಲಿ ಎಂದರೆ, ಸಾಲಗಾರರ ಗುಂಪುಗಳು ಸೇರುವ ವಾರದ ಕೇಂದ್ರ ಸಭೆಗೆ ಬರುವ ಫೀಲ್ಡ್ ಆಫೀಸರ್. ಸಂಬಳ ನಿಂತರೆ ಅವರು ಬೇರೆ ಕಂಪನಿಗೆ ಹೋಗುತ್ತಾರೆ, ಅವರ ಜೊತೆ ಗುಂಪಿನ ಪರಿಚಯವೂ ಹೋಗುತ್ತದೆ. ಒಂದು ತಿಂಗಳು ಸಭೆ ತಪ್ಪಿದ ಗುಂಪಿನಿಂದ ಮತ್ತೆ ಕಂತು ಕಟ್ಟಿಸುವುದು ಬಹಳ ಕಷ್ಟ. ಆದ್ದರಿಂದ ಸರ್ವಿಸರ್ ಶುಲ್ಕ ಉಳಿಸಲು ಹೋಗಬೇಡಿ. ಫೀಲ್ಡ್ ಸಿಬ್ಬಂದಿಯ ಸಂಬಳದ ಪಾಲನ್ನು ಟ್ರಸ್ಟ್ ಖಾತೆಯಿಂದ ನೇರವಾಗಿ ಕೊಡಲು ಹೂಡಿಕೆದಾರರು ಒಪ್ಪಿದರೆ ಅದು ಖರ್ಚಲ್ಲ, ವಸೂಲಿ. 2010ರ ಅಕ್ಟೋಬರ್‌ನಲ್ಲಿ ಆಂಧ್ರದ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆ ಬಂದಾಗ ಅಲ್ಲಿನ ವಸೂಲಿ ಕುಸಿದುಬಿದ್ದದ್ದು ಈ ಕ್ಷೇತ್ರದವರಿಗೆ ಗೊತ್ತು. ನಮ್ಮಲ್ಲಿ 2025ರ ಫೆಬ್ರುವರಿ 12ರ ಸುಗ್ರೀವಾಜ್ಞೆ ಆರ್‌ಬಿಐ ನೋಂದಾಯಿತ ಸಂಸ್ಥೆಗಳನ್ನು ಹೊರಗಿಟ್ಟಿತ್ತು. ನೋಂದಾಯಿತ ಎನ್‌ಬಿಎಫ್‌ಸಿಗಳಿಗೆ ರಾಜ್ಯದ ಲೇವಾದೇವಿ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ನೆಡುಂಪಿಲ್ಲಿ ಪ್ರಕರಣದಲ್ಲಿ ಹೇಳಿದೆ. ಆದರೆ ಆ ವಿನಾಯಿತಿ ನೋಂದಣಿಯನ್ನು ಹಿಡಿದುಕೊಂಡಿದೆ. ಟ್ರಸ್ಟ್‌ಗೆ ಆ ನೋಂದಣಿಯಿಲ್ಲ. ಹಾಗಾಗಿ ಬದಲಿ ಸರ್ವಿಸರ್ ಕೂಡ ಆರ್‌ಬಿಐ ನೋಂದಾಯಿತ ಎನ್‌ಬಿಎಫ್‌ಸಿಯೇ ಆಗಿರಲಿ, ಬರೀ ವಸೂಲಿ ಏಜೆನ್ಸಿ ಬೇಡ.

ಟ್ರಸ್ಟಿ ಏಕೆ ಅಲುಗುತ್ತಿಲ್ಲ

ಟ್ರಸ್ಟಿ ಕಂಪನಿಗಳ ವಾರ್ಷಿಕ ಶುಲ್ಕ ಚಿಕ್ಕದು. ವ್ಯಾಜ್ಯದ ಖರ್ಚಿಗೆ ಹಣ, ಹೊಣೆಗಾರಿಕೆಗೆ ಇಂಡೆಮ್ನಿಟಿ (ನಷ್ಟ ತುಂಬಿಕೊಡುವ ಭರವಸೆ), ಬಹುಮತದ ಲಿಖಿತ ಸೂಚನೆ ಈ ಮೂರೂ ಕೈಗೆ ಬರುವವರೆಗೆ ಅವರು ‘ಅಭಿಪ್ರಾಯ’ ಕೇಳುತ್ತಲೇ ಇರುತ್ತಾರೆ. ಬೈಯುವುದರಿಂದ ಉಪಯೋಗವಿಲ್ಲ. ಉಳಿದ ಪಿಟಿಸಿ ಹೊಂದಿದವರ ಪಟ್ಟಿ ಕೇಳಿ, ಸಭೆ ಕರೆಸಿ. ಎಷ್ಟು ಪಾಲು ಬಹುಮತವೆಂದು ಟ್ರಸ್ಟ್ ಪತ್ರ ಹೇಳುತ್ತದೆ. ಕಂಪನಿಯ ಕೈಲಿರುವ ಕಿರಿಯ (ಉಳಿದವರ ನಂತರ ಹಣ ಪಡೆಯುವ) ಪಿಟಿಸಿಗೆ ಮತವಿದೆಯೇ ಎಂದೂ ನೋಡಿ. ಖರ್ಚನ್ನು ಪಾಲಿನ ಪ್ರಕಾರ ಹಂಚಿಕೊಂಡು, ವಾಟರ್‌ಫಾಲ್‌ನಲ್ಲಿ (ಬಂದ ಹಣ ಹಂಚುವ ಸರದಿ) ಮೊದಲು ವಾಪಸ್ ಬರುವಂತೆ ನಿರ್ಣಯ ಮಾಡಿ. ದಾಖಲೆ ಎರಡರ್ಥ ಕೊಡುತ್ತಿದೆ ಎಂದು ಟ್ರಸ್ಟಿ ಹಿಂಜರಿದರೆ ಟ್ರಸ್ಟ್ ಕಾಯ್ದೆಯ 34ನೇ ಸೆಕ್ಷನ್ ಅಡಿ ಕೋರ್ಟಿನ ಸಲಹೆ ಕೇಳಬಹುದು, ಆದರೆ ಕ್ಲಿಷ್ಟ ಪ್ರಶ್ನೆಗಳಿಗೆ ಆ ದಾರಿ ಸಾಗದು. ಎಲ್ಲವನ್ನೂ ಕೊಟ್ಟ ಮೇಲೂ ಸುಮ್ಮನಿದ್ದರೆ, ಟ್ರಸ್ಟಿಯಿಂದ ಕರ್ತವ್ಯ ಮಾಡಿಸುವ ಹಕ್ಕು 61ನೇ ಸೆಕ್ಷನ್‌ನಲ್ಲಿ ಫಲಾನುಭವಿಗಿದೆ.

ಕೊನೆಯದಾಗಿ, ಈ ದಿನಗಳಲ್ಲಿ ಕಂಪನಿಯವರು ನಿಮ್ಮನ್ನು ಮಾತ್ರ ಕರೆದು ‘ನಿಮ್ಮ ಪಾಲು ನಾವೇ ಕೊಂಡುಬಿಡುತ್ತೇವೆ’ ಎಂದೋ, ‘ಇನ್ನಷ್ಟು ಡೆಪಾಸಿಟ್ ಇಡುತ್ತೇವೆ, ನೋಟಿಸ್ ಬೇಡ’ ಎಂದೋ ಹೇಳಬಹುದು. ಪೂಲ್‌ನಿಂದ ಬಂದ ಹಣ ನಿಮ್ಮದು, ಧೈರ್ಯವಾಗಿ ತೆಗೆದುಕೊಳ್ಳಿ. ಕಂಪನಿಯ ಸ್ವಂತ ಹಣವಾದರೆ ಹಾಗಲ್ಲ. ದಿವಾಳಿ ಪ್ರಕ್ರಿಯೆ ಶುರುವಾದ ದಿನದಿಂದ ಹಿಂದಿನ ಒಂದು ವರ್ಷದಲ್ಲಿ, ಸಂಬಂಧಿತ ಪಕ್ಷವಾದರೆ ಎರಡು ವರ್ಷದಲ್ಲಿ, ಒಬ್ಬರಿಗೆ ಮಾತ್ರ ಅನುಕೂಲವಾಗುವಂತೆ ಹಳೆಯ ಹೊಣೆಗೆ ಕೊಟ್ಟ ಹಣ ಅಥವಾ ಭದ್ರತೆಯನ್ನು ಸಂಹಿತೆಯ 43 ಮತ್ತು 44ನೇ ಸೆಕ್ಷನ್ ಅಡಿ ವಾಪಸ್ ಕೇಳಬಹುದು. ಮಿತಿ ಮೀರಿದ ನೆರವು ಮಾರಾಟದ ವಾದವನ್ನೂ ದುರ್ಬಲಗೊಳಿಸುತ್ತದೆ. ಒಪ್ಪಂದದಲ್ಲಿ ಬರೆದಿಲ್ಲದ ಯಾವ ಹಣವೇ ಬರಲಿ, ಯಾವ ಖಾತೆಯಿಂದ, ಯಾವ ಸಾಲ ಸಂಖ್ಯೆಗಳ ಲೆಕ್ಕಕ್ಕೆ ಎಂದು ಟ್ರಸ್ಟಿಯ ಮೂಲಕ ಲಿಖಿತವಾಗಿ ಪಡೆದ ಮೇಲೆಯೇ ಜಮೆ ಮಾಡಿಕೊಳ್ಳಿ.